ಅದು ಕಾರಂಜಿ ಅಲ್ಲ ಮಾವ, ಉಸಿರು

ತಿಮಿಂಗಿಲ ನೋಡೋಕೆ ಮೆಕ್ಸಿಕೋ ಕಡೆ ದೋಣಿಲಿ ಹೊರಟಿದ್ವಿ. ಅಮೆರಿಕದ ಸ್ಯಾನ್ ಡಿಯಾಗೋ ಬಂದರು ಬಿಟ್ಟು ಇನ್ನೇನು ಸಿಗ್ನಲ್ ಹೋಗುತ್ತೆ ಅನ್ನೋವಾಗ ದೂರದಲ್ಲಿ ಒಂದು ತಿಮಿಂಗಿಲ ಕಾಣಿಸ್ತು, ಅಂದ್ರೆ ತಿಮಿಂಗಿಲ ಕಾಣಿಸ್ಲಿಲ್ಲ, ಅದರ ಮೇಲೆ ಎದ್ದ ಬಿಳಿ ಹೊಗೆ ಥರದ್ದು ಕಾಣಿಸ್ತು. ಫೋಟೋ ಹೊಡೆದು ಹೊನ್ನಾವರದ ಸೋದರಮಾವನಿಗೆ ಕಳಿಸಿದ್ದೇ ತಡ ಉತ್ತರ ಬಂತು: "ಭಾರಿ ಕಾರಂಜಿ ಬಿಟ್ಟಿದೆಯಲ್ಲೋ, ಬಾಯಲ್ಲಿ ಕುಡಿದ ನೀರನ್ನೆಲ್ಲ ತಲೆ ಮೇಲಿಂದ ಹೊರಗೆ ಹಾಕುತ್ತೆ ನೋಡು." ಉತ್ತರ ಟೈಪ್ ಮಾಡೋ ಅಷ್ಟರಲ್ಲಿ ನೆಟ್‌ವರ್ಕ್ ಹೋಯ್ತು. ಮುಂದಿನ ದಿನಗಳೆಲ್ಲ ದೋಣಿಲೇ ಇದ್ವಿ, ಆ ಉತ್ತರ ತಲೆಯೊಳಗೆ ಬೆಳೀತಾ ಬೆಳೀತಾ ಇಷ್ಟುದ್ದ ಆಗಿದೆ.

ಮಾವನ ತಪ್ಪೇನಿಲ್ಲ ಬಿಡಿ. ಮಕ್ಕಳ ಚಿತ್ರದ ಪುಸ್ತಕದಿಂದ ಹಿಡಿದು ನರ್ಸರಿ ಗೋಡೆವರೆಗೂ ತಿಮಿಂಗಿಲದ ತಲೆ ಮೇಲೆ ತೆಂಗಿನ ಗರಿ ಥರ ಎರಡು ಕಡೆ ಬಾಗಿರೋ ನೀರಿನ ಕಾರಂಜಿ ಇದ್ದೇ ಇರುತ್ತೆ. ಹೆಸರಲ್ಲೇ ಎಡವಟ್ಟಿದೆ: 'ತಿಮಿ' ಅಂದ್ರೆ ದೊಡ್ಡ ಮೀನು, ಅದನ್ನ ನುಂಗೋದು ತಿಮಿಂಗಿಲ, ಅದನ್ನೂ ನುಂಗೋದು ತಿಮಿಂಗಿಲಗಿಲ, ಹಿಂಗೇ ಹೋಗುತ್ತೆ ನಮ್ಮ ಹಳೇ ಕಲ್ಪನೆ. ಆದ್ರೆ ಅರಿಸ್ಟಾಟಲ್ 2300 ವರ್ಷಗಳ ಹಿಂದೇನೇ ಇವಕ್ಕೆ ಶ್ವಾಸಕೋಶ ಇದೆ, ಮರಿಗೆ ಹಾಲು ಕೊಡ್ತವೆ ಅಂತ ಬರೆದಿಟ್ಟಿದ್ದ, ಕೇಳೋರ್ಯಾರು, 1758ರಲ್ಲಿ ಜೀವಿಗಳನ್ನ ವರ್ಗೀಕರಿಸಿದ ಲಿನೇಯಸ್ ಸಸ್ತನಿಗಳ ಪಟ್ಟಿಗೆ ಸೇರಿಸೋ ತನಕ ಯುರೋಪಿನ ಬಹುತೇಕ ಪಂಡಿತರೂ ಮೀನು ಅಂತಲೇ ಇದ್ರು.

ಈಗ ಬಾಯಿಗೆ ಬರೋಣ. ನಾವು ಊಟ ಮಾಡ್ತಾ ಮಾತಾಡಿದ್ರೆ ಏನಾಗುತ್ತೆ? ನೆತ್ತಿಗೇರುತ್ತೆ. ಅಜ್ಜಿ ತಲೆ ತಟ್ಟಿ "ಯಾರೋ ನೆನೆಸ್ಕೊಂಡ್ರು" ಅಂತಾರೆ. ಯಾರೂ ನೆನೆಸ್ಕೊಂಡಿರಲ್ಲ, ನಮ್ಮ ಗಂಟಲಲ್ಲಿ ಅನ್ನದ ದಾರಿ ಗಾಳಿಯ ದಾರಿ ಎರಡೂ ಒಂದು ಸರ್ಕಲ್‌ನಲ್ಲಿ ಕೂಡ್ತವೆ, ಅಲ್ಲಿ ಸಿಗ್ನಲ್ ತಪ್ಪಿದ್ರೆ ಆಕ್ಸಿಡೆಂಟ್. ತಮಾಷೆ ಏನು ಗೊತ್ತಾ, ತಿಮಿಂಗಿಲಕ್ಕೆ ಮೂಗು ಇರೋದೇ ನೆತ್ತಿ ಮೇಲೆ, ಆದ್ರೂ ಅದಕ್ಕೆ ನೆತ್ತಿಗೇರಲ್ಲ! ಡಾಲ್ಫಿನ್ ಥರದ ಹಲ್ಲಿರೋ ಜಾತಿಗಳಲ್ಲಿ ಗಾಳಿಕೊಳವೆಯ ತುದಿ ಕೊಕ್ಕಿನ ಥರ ಮೇಲೆದ್ದು ಮೂಗಿನ ಕೊಳವೆಗೇ ಸಿಕ್ಕಿಸಿದಂಗೆ ಕೂತಿರುತ್ತೆ, ಅಂದ್ರೆ ಸರ್ಕಲ್ ಮೇಲೆ ಫ್ಲೈಓವರ್ ಕಟ್ಟಿದಂಗೆ. ಹಲ್ಲಿನ ಬದಲು ಬಾಯಲ್ಲಿ ಜಾಲರಿ ಇರೋ ಫಿನ್ ತಿಮಿಂಗಿಲದ ಗಂಟಲಲ್ಲಿ ಬಿರಡೆ ಥರದ ಒಂದು ಮಾಂಸದ ಮುದ್ದೆ ಇದೆ ಅಂತ 2022ರಲ್ಲಿ ಕೆನಡಾದ ವಿಜ್ಞಾನಿಗಳು ತೋರಿಸಿದ್ರು, ಬಾಯಿ ತುಂಬ ನೀರು ತುಂಬ್ಕೊಂಡಾಗ ಅದು ದಾರಿ ಮುಚ್ಚುತ್ತೆ, ನುಂಗುವಾಗ ಮೇಲೆ ಸರಿದು ಮೂಗಿನ ಕಡೆಗೆ ಬಾಗಿಲಾಗುತ್ತೆ. ಬಾಯಿಗೆ ಬಂದ ನೀರು ಬಾಯಿಂದಲೇ, ಜಾಲರಿ ಸಂದಿಂದ ಹೊರಗೆ ಹೋಗುತ್ತೆ. ತಲೆ ಮೇಲಿಂದ ಅಲ್ಲ. ಅಷ್ಟು ನೀರು ಮೂಗಿಂದ ಬರ್ತಿದೆ ಅಂದ್ರೆ ಆ ಪ್ರಾಣಿ ಮುಳುಗಿ ಸಾಯ್ತಿದೆ ಅಂತ ಅರ್ಥ.

ಹಾಗಾದ್ರೆ ಆ ಬಿಳಿ ಏನು? ಡಿಸೆಂಬರ್‌ನಲ್ಲಿ ಮಡಿಕೇರಿ ಬಸ್‌ಸ್ಟ್ಯಾಂಡ್‌ನಲ್ಲಿ ನಿಂತು ಹಾ ಅಂತ ಉಸಿರು ಬಿಟ್ರೆ ಹೊಗೆ ಬರುತ್ತಲ್ಲ, ಅದು. ಒಳಗಿನ ಬಿಸಿ ಒದ್ದೆ ಗಾಳಿ ಹೊರಗಿನ ತಣ್ಣನೆ ಗಾಳಿಗೆ ತಾಗಿ ಆವಿ ಹನಿಗಟ್ಟುತ್ತೆ. ಇಷ್ಟೇ ಆಗಿದ್ರೆ ಬಿಸಿಲೂರಿನ ಸಮುದ್ರದಲ್ಲಿ ಏನೂ ಕಾಣಬಾರದಿತ್ತು, ಅದಕ್ಕೆ ಎರಡನೇ ಉದಾಹರಣೆ: ಸೋಡಾ ಬಾಟ್ಲಿ ಮುಚ್ಚಳ ಟಪ್ ಅಂತ ತೆಗೆದಾಗ ಅದರ ಕತ್ತಿನ ಹತ್ರ ಒಂದು ಕ್ಷಣ ಮಂಜು ಕಟ್ಟುತ್ತೆ ನೋಡಿ, ಒತ್ತಿಟ್ಟ ಗಾಳಿ ದಿಢೀರ್ ಅಂತ ಹಿಗ್ಗಿದ್ರೆ ತಾನೇ ತಣ್ಣಗಾಗುತ್ತೆ. ಮೂರನೇದು ಕಟಿಂಗ್ ಶಾಪಿನ ಸ್ಪ್ರೇ ಬಾಟ್ಲಿ: ಮೂಗಿನ ಹೊಳ್ಳೆ ಮೇಲೆ ನಿಂತಿರೋ ಸಮುದ್ರದ ನೀರು, ಒಳಗಿನ ಸಿಂಬಳ, ಎರಡನ್ನೂ ಆ ರಭಸ ಪುಡಿ ಪುಡಿ ಮಾಡಿ ಹಾರಿಸುತ್ತೆ. ಈ ಮೂರೂ ಕೂಡಿದ್ರೆ ಮಾವನ ಕಾರಂಜಿ. ರಭಸ ಅಂದ್ರೆ ಸುಮ್ನೆ ಅಲ್ಲ, ನಾವು ಕೂತಲ್ಲಿ ಒಂದು ಉಸಿರಿಗೆ ಶ್ವಾಸಕೋಶದ ಹತ್ತು ಹದಿನೈದು ಪರ್ಸೆಂಟ್ ಗಾಳಿ ಬದಲಾಯಿಸ್ತೀವಿ, ತಿಮಿಂಗಿಲ ಎಂಬತ್ತರಿಂದ ತೊಂಬತ್ತು ಪರ್ಸೆಂಟ್ ಬದಲಾಯಿಸುತ್ತೆ, ಅದೂ ಒಂದೆರಡು ಸೆಕೆಂಡಲ್ಲಿ. ನಾವು ಹಂಡೆಯಿಂದ ಒಂದೊಂದೇ ಚೊಂಬು ಮೊಗೆಯೋರು, ಅದು ಹಂಡೆನೇ ಬೋರಲು ಹಾಕಿ ಹೊಸದಾಗಿ ತುಂಬಿಸ್ಕೊಳ್ಳೋದು.

ದೋಣಿಲಿ ನಮ್ಮ ಜೊತೆ ಇದ್ದ ನ್ಯಾಚುರಲಿಸ್ಟ್ ಹೆಂಗಸು ಕಣ್ಣು ಕಿರಿದು ಮಾಡಿ ಎರಡು ಮೈಲಿ ದೂರದ ಬಿಳಿ ಚುಕ್ಕೆ ನೋಡಿ ಜಾತಿ ಹೇಳ್ತಿದ್ರು, ಮೊದಲನೇ ದಿನ ನಂಗೆ ಇದು ಹಸ್ತಸಾಮುದ್ರಿಕೆ ಥರ ಅನ್ನಿಸ್ತು. ಮೂರನೇ ದಿನ ನಂಗೂ ಬಂತು. ನೆಟ್ಟಗೆ ಒಂಬತ್ತು ಮೀಟರ್ ಹತ್ರ ಎದ್ದ ಕಂಬ ನೀಲಿ ತಿಮಿಂಗಿಲದ್ದು, ಗಿಡ್ಡಗೆ ದಪ್ಪಗೆ ಹೃದಯದ ಆಕಾರದಲ್ಲಿ ಎದ್ರೆ ಬೂದು ತಿಮಿಂಗಿಲ, ಯಾಕಂದ್ರೆ ಜಾಲರಿ ಬಾಯಿಯವಕ್ಕೆಲ್ಲ ನಮ್ಮಂಗೇ ಎರಡು ಹೊಳ್ಳೆ, ಎರಡು ಉಸಿರು ಮೇಲೆ ಹೋಗಿ ಬಾಗುತ್ತೆ. ಎಡಕ್ಕೆ ವಾಲಿ ಮುಂದಕ್ಕೆ ಹಾರಿದ್ರೆ ಸ್ಪರ್ಮ್ ತಿಮಿಂಗಿಲ, ಅದಕ್ಕಿರೋದು ಒಂದೇ ಹೊಳ್ಳೆ, ಅದೂ ತಲೆಯ ಎಡಗಡೆ ಮೂಲೆಲಿ.

ಮೂಗು ನೆತ್ತಿಗೆ ಹೋಗಿದ್ದು ಹೆಂಗೆ ಅನ್ನೋ ಕಥೆ ನಮ್ಮ ಉಪಖಂಡದ್ದೇ, ಅದನ್ನ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಸುಮಾರು 5 ಕೋಟಿ ವರ್ಷದ ಹಿಂದೆ ಈಗಿನ ಪಾಕಿಸ್ತಾನದಲ್ಲಿದ್ದ ಪಾಕಿಸೀಟಸ್ ಅನ್ನೋ ನಾಲ್ಕು ಕಾಲಿನ ತಿಮಿಂಗಿಲಕ್ಕೆ (ಹೌದು, ನಾಲ್ಕು ಕಾಲು) ಮೂಗು ನಾಯಿಗಿದ್ದಂಗೆ ಮೂತಿ ತುದಿಲಿತ್ತು. ಜಮ್ಮು-ಕಾಶ್ಮೀರದ ಕಾಲಾಕೋಟ್‌ನಲ್ಲಿ ಎ. ರಂಗ ರಾವ್ ಅನ್ನೋ ಭೂವಿಜ್ಞಾನಿ ರಾಶಿ ಕಲ್ಲು ಕೂಡಿಟ್ಟಿದ್ರು, ಅವರು ತೀರಿಹೋದ ಮೇಲೆ ಅವರ ಪತ್ನಿ ಆ ಕಲ್ಲುಗಳನ್ನ ಅಮೆರಿಕದ ಥೆವಿಸೆನ್ ಅನ್ನೋ ವಿಜ್ಞಾನಿಗೆ ಕೊಟ್ರು, ಲ್ಯಾಬಲ್ಲಿ ಬಿಡಿಸುವಾಗ ಕೈತಪ್ಪಿ ಒಂದು ಬುರುಡೆ ಮುರೀತು, ನೋಡಿದ್ರೆ ಒಳಗಿನ ಕಿವಿ ಮೂಳೆ ಅಪ್ಪಟ ತಿಮಿಂಗಿಲದ್ದು! 2007ರಲ್ಲಿ ಪ್ರಕಟ ಆಯ್ತು, ಇಂಡೋಹಯಸ್ ಅಂತ ಹೆಸರು. ನಮ್ಮ ಮಲೆನಾಡಿನ ಬರ್ಕದ ಥರ ಸಣ್ಣ ಗೊರಸಿನ ಪ್ರಾಣಿ ಅದು, ತಿಮಿಂಗಿಲದ ಪೂರ್ವಜರಿಗೆ ದಾಯಾದಿ. ಮುಂದೆ ಸುಮಾರು 2.5 ಕೋಟಿ ವರ್ಷದ ಹಿಂದಿನ ಏಟಿಯೋಸೀಟಸ್‌ಗೆ ಬರೋ ಹೊತ್ತಿಗೆ ಮೂಗು ಮೂತಿಯ ನಡುವಿಗೆ ಬಂದಿತ್ತು. ಇವತ್ತಿಗೂ ಡಾಲ್ಫಿನ್ ಭ್ರೂಣದಲ್ಲಿ ಹೊಳ್ಳೆ ಮೊದಲು ಮೂತಿ ಮುಂದೇನೇ ಮೂಡುತ್ತೆ, ಆಮೇಲೆ ಹಿಂದಕ್ಕೆ ಸರಿಯುತ್ತೆ.

ದಾರಿಲಿ ಸ್ಯಾನ್ ಬೆನಿಟೋ ದ್ವೀಪಗಳಲ್ಲಿ ಇಳಿಸಿದ್ರು. ದಡದ ತುಂಬ ಎಲಿಫೆಂಟ್ ಸೀಲ್ ಅನ್ನೋ ದೈತ್ಯ ಕಡಲ ಸಸ್ತನಿಗಳು, ಗೋಣಿಚೀಲ ಒಟ್ಟಿದಂಗೆ. ಒಂದನ್ನ ದೂರದಿಂದ ನೋಡ್ತಾ ನಿಂತೆ, ಹೊಟ್ಟೆ ಅಲ್ಲಾಡ್ತಿಲ್ಲ, ಮೂಗು ಮುಚ್ಚಿದೆ. ಸತ್ತಿದೆ ಅಂದೆ. ನ್ಯಾಚುರಲಿಸ್ಟ್ ನಕ್ಕು ವಾಚ್ ನೋಡ್ಕೋ ಅಂದ್ರು. ಒಂಬತ್ತು ನಿಮಿಷ ಆದ್ಮೇಲೆ ಮೂಗು ಬಿರಿದು ಬುಸ್ ಅಂತ ಉಸಿರು ಬಿಡ್ತು, ಮೇಲಿದ್ದ ಮರಳು ಹಾರ್ತು, ಮತ್ತೆ ನಿದ್ದೆ. ನೆಲದ ಮೇಲೆ ಮಲಗಿದಾಗಲೂ ಇವು ಉಸಿರು ಹಿಡ್ಕೊಂಡೇ ಮಲಗ್ತವೆ. ಮುಳುಗೋಕೆ ಮುಂಚೆ ನಾವು ಮೂಗು ಹಿಡಿದು ಎದೆ ತುಂಬ ಗಾಳಿ ಎಳ್ಕೊಂಡ್ರೆ ಇವು ಉಸಿರು ಹೊರಗೆ ಬಿಟ್ಟು ಮುಳುಗ್ತವೆ, ಯಾಕಂದ್ರೆ ಬಂಡವಾಳ ಇರೋದು ಶ್ವಾಸಕೋಶದಲ್ಲಲ್ಲ, ರಕ್ತದಲ್ಲಿ ಮತ್ತೆ ಮಾಂಸಖಂಡದಲ್ಲಿ ಆಮ್ಲಜನಕ ಹಿಡಿದಿಡೋ ಮಯೋಗ್ಲೋಬಿನ್ ಅನ್ನೋ ಪ್ರೋಟೀನಿನಲ್ಲಿ. ಮಾಂಸ ಕಪ್ಪು ಅನ್ನಿಸೋ ಅಷ್ಟು ಕೆಂಪಗಿರೋದು ಅದಕ್ಕೇ.

ಇಲ್ಲೇ ಒಂದು ವಾಟ್ಸಾಪ್ ಫಾರ್ವರ್ಡ್‌ಗೂ ಉತ್ತರ ಕೊಟ್ಬಿಡ್ತೀನಿ. "ಪ್ರತಿ ಜೀವಿಗೂ ಇಷ್ಟೇ ಉಸಿರು ಅಂತ ಎಣಿಸಿಟ್ಟಿರ್ತಾನೆ, ನಿಧಾನ ಉಸಿರಾಡಿದ್ರೆ ನೂರಾರು ವರ್ಷ ಬದುಕಬಹುದು, ಆಮೆ ನೋಡಿ ತಿಮಿಂಗಿಲ ನೋಡಿ" ಅಂತ ಬರುತ್ತಲ್ಲ. ಸರಿ, ಎಲಿಫೆಂಟ್ ಸೀಲ್ ನೋಡಿ. ಸಮುದ್ರದಲ್ಲಿದ್ದಾಗ ಹತ್ತರಲ್ಲಿ ಒಂಬತ್ತು ಪಾಲು ಹೊತ್ತು ಉಸಿರು ಹಿಡಿದೇ ಇರುತ್ತೆ, ಬದುಕೋದು ಹೆಚ್ಚಂದ್ರೆ ಇಪ್ಪತ್ತು ವರ್ಷದ ಆಸುಪಾಸು. ಸೈಬೀರಿಯಾದಲ್ಲಿ ಗುರುತು ಹಾಕಿ ಬಿಟ್ಟ ಬ್ರಾಂಟ್ ಬಾವಲಿ, ಏಳು ಗ್ರಾಂ ತೂಕದ್ದು, ಪುಟುಪುಟು ಉಸಿರಾಡೋದು, 41 ವರ್ಷದ ಮೇಲೆ ಜೀವಂತ ಸಿಕ್ಕಿದೆ. ಪ್ರಾಣಾಯಾಮ ಮಾಡಿ, ಬೇಡ ಅನ್ನಲ್ಲ, ಲೆಕ್ಕ ಮಾತ್ರ ಹೇಳ್ಬೇಡಿ. (ಈ ಸೀಲ್ ಬದುಕಿರೋದೇ ದೊಡ್ಡದು. ಎಣ್ಣೆಗೋಸ್ಕರ ಕೊಂದು ಕೊಂದು ನಿರ್ನಾಮ ಆಯ್ತು ಅಂದ್ಕೊಂಡಿದ್ದಾಗ 1892ರಲ್ಲಿ ಮೆಕ್ಸಿಕೋದ ಗ್ವಾಡಲುಪೆ ದ್ವೀಪದಲ್ಲಿ ಎಂಟು ಸಿಕ್ವು, ಸಿಕ್ಕ ವಿಜ್ಞಾನಿಗಳು ಮ್ಯೂಸಿಯಂಗೆ ಬೇಕು ಅಂತ ಏಳನ್ನ ಕೊಂದ್ರು. ಎಂಥಾ ಬುದ್ಧಿ! ಹೆಂಗೋ ಕಣ್ಣಿಗೆ ಬೀಳದೆ ಉಳಿದವುಗಳ ಸಂತಾನ ಈಗ ಲಕ್ಷ ದಾಟಿದೆ.)

ಆಮೇಲೆ ಸ್ಯಾನ್ ಇಗ್ನಾಸಿಯೋ ಲಗೂನ್. ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ದ್ವೀಪಕಲ್ಪದ ಪಶ್ಚಿಮ ದಡದಲ್ಲಿ, ಮರುಭೂಮಿಯೊಳಗೆ ಸಮುದ್ರ ಕೈಚಾಚಿದಂಗಿರೋ ಹಿನ್ನೀರು. ಬೂದು ತಿಮಿಂಗಿಲಗಳು ಬೇಸಿಗೆ ಪೂರ್ತಿ ಆರ್ಕ್‌ಟಿಕ್ ಕಡೆ ತಿಂದು, ಚಳಿಗಾಲಕ್ಕೆ ಎಂಟು ಹತ್ತು ಸಾವಿರ ಕಿಲೋಮೀಟರ್ ಈಜಿ ಬಾಣಂತನಕ್ಕೆ ಇಲ್ಲಿಗೆ ಬರ್ತವೆ. 1857ರ ಚಳಿಗಾಲದಲ್ಲಿ ಸ್ಕ್ಯಾಮನ್ ಅನ್ನೋ ಕ್ಯಾಪ್ಟನ್ ಉತ್ತರದ ಪಕ್ಕದ ಲಗೂನ್‌ಗೆ ಹಡಗು ನುಗ್ಗಿಸಿದ, ಬೇಟೆಗಾರರಿಗೆ ಸುಗ್ಗಿ. ಮರಿ ಮುಟ್ಟಿದ್ರೆ ತಾಯಿ ದೋಣಿನೇ ಪುಡಿ ಮಾಡ್ತಿತ್ತು, ಅದಕ್ಕೆ 'ದೆವ್ವದ ಮೀನು' ಅಂತ ಹೆಸರಿಟ್ರು, ಮನೆಗೆ ನುಗ್ಗಿದ ಕಳ್ಳನೇ ಮನೆಯೋರನ್ನ ರೌಡಿ ಅಂದಂಗೆ. ಸ್ಥಳೀಯ ಮೀನುಗಾರರೂ ಹೆದರಿ, ತಿಮಿಂಗಿಲ ಹತ್ರ ಬಂದ್ರೆ ದೋಣಿ ಬಡಿದು ಸದ್ದು ಮಾಡ್ತಿದ್ರಂತೆ. 1972ರಲ್ಲಿ ಪಚೀಕೋ ಮಯೋರಾಲ್ ಅನ್ನೋ ಮೀನುಗಾರನ ಪುಟ್ಟ ದೋಣಿ ಪಕ್ಕಕ್ಕೆ ಒಂದು ಬಂದು ನಿಂತ್ಬಿಡ್ತು, ಹೋಗ್ಲೇ ಇಲ್ಲ, ಕೊನೆಗೆ ಆತ ನಡುಗ್ತಾ ಕೈ ಚಾಚಿ ಮುಟ್ಟಿದ. ಇವತ್ತಿನ ಪ್ರವಾಸೋದ್ಯಮ ಅಲ್ಲಿಂದ ಶುರು. ದೊಡ್ಡ ದೋಣಿ ಲಂಗರು ಹಾಕಿ ನಿಲ್ಲಬೇಕು, ಊರಿನೋರ ಪಂಗಾ ಅನ್ನೋ ಸಣ್ಣ ದೋಣಿಲೇ ಹತ್ರ ಹೋಗಬೇಕು, ಅದೂ ಒಂದು ಸಲಕ್ಕೆ 16 ಮಾತ್ರ.

ನಮ್ಮ ಪಂಗಾ ಹತ್ರ ಬಂದಿದ್ದು ತಾಯಿ ಮರಿ. ತಾಯಿ ನಮ್ಮ ದೋಣಿಗಿಂತ ಉದ್ದ. ಮರಿ ಮೂತಿ ಎತ್ತಿ ಅಂಚಿಗೆ ಒರಗಿಸ್ತು, ಮುಟ್ಟಿದೆ, ಸುಲಿದ ಮೊಟ್ಟೆ ಥರ ಮೆತ್ತಗೆ, ನಡುನಡುವೆ ಒರಟು ಕೂದಲು. ಹೊಳ್ಳೆ ಎರಡೂ ಬಿಗಿಯಾಗಿ ಮುಚ್ಚಿದ್ವು, ಅವು ಹಂಗೇ, ಮುಚ್ಚಿರೋದು ಸಹಜ ಸ್ಥಿತಿ, ತೆಗೆಯೋಕೇ ಸ್ನಾಯು ಬೇಕು. ನೋಡ್ತಿದ್ದಂಗೇ ಬಿರಿದು ಫೂಶ್! ಕನ್ನಡಕ, ಗಡ್ಡ, ಕ್ಯಾಮರಾ ಎಲ್ಲ ಅಂಟಂಟು. ನನ್ನ ಹೆಂಡತಿ "ತೀರ್ಥ ಪ್ರೋಕ್ಷಣೆ ಆಯ್ತು" ಅಂದ್ಲು. ವಾಸನೆ ಮೀನು ಮಾರ್ಕೆಟ್ ಮುಚ್ಚಿದ ಮೇಲಿನದ್ದು. ವಿಜ್ಞಾನಿಗಳು ಇದೇ ಸಿಂಬಳಕ್ಕೆ ಡ್ರೋನ್‌ಗೆ ಪೆಟ್ರಿ ತಟ್ಟೆ ಕಟ್ಟಿ ಉಸಿರಿನ ಮೇಲೆ ಹಾರಿಸ್ತಾರೆ, ಡಿಎನ್ಎ, ಹಾರ್ಮೋನು, ಬ್ಯಾಕ್ಟೀರಿಯಾ ಎಲ್ಲ ಸಿಗುತ್ತೆ, ಸೂಜಿ ಚುಚ್ಚೋದೇ ಬೇಡ. ನಮ್ಮಲ್ಲಿ ತಿಮಿಂಗಿಲದಿಂದ ಹೊರಬಿದ್ದದ್ದು ಅಂದ್ರೆ ಸುದ್ದಿಯಾಗೋದು ಒಂದೇ, 'ಕೋಟಿ ಬೆಲೆಯ ತಿಮಿಂಗಿಲ ವಾಂತಿ ವಶ'. ಅದೂ ವಾಂತಿ ಅಲ್ಲ, ಸ್ಪರ್ಮ್ ತಿಮಿಂಗಿಲದ ಕರುಳಲ್ಲಿ ಸ್ಕ್ವಿಡ್ ಕೊಕ್ಕುಗಳ ಸುತ್ತ ಕಟ್ಟೋ ಗಡ್ಡೆ.

ಖುಷಿ ಪಡುವಾಗಲೇ ನ್ಯಾಚುರಲಿಸ್ಟ್ ಒಂದು ಮಾತು ಹೇಳಿದ್ರು, 2016ರಲ್ಲಿ ಸುಮಾರು 27 ಸಾವಿರ ಇದ್ದ ಇವು 2023ರ ಎಣಿಕೆಲಿ ಹದಿನಾಲ್ಕೂವರೆ ಸಾವಿರದ ಹತ್ರ ಇಳಿದಿದ್ವು. ಆರ್ಕ್‌ಟಿಕ್‌ನ ಮಂಜುಗಡ್ಡೆ ಏರುಪೇರಾಗಿ ತಿನ್ನೋಕೆ ಕಮ್ಮಿ. ಕೆಲವು ತಾಯಂದಿರ ಕತ್ತಿನ ಹಿಂದೆ ಗುಂಡಿ ಬಿದ್ದಿತ್ತು, ಬಡಕಲು ಹಸುವಿಗೆ ಬೀಳುತ್ತಲ್ಲ ಹಂಗೆ.

ರಾತ್ರಿ ಲಗೂನ್ ಬಾಯಲ್ಲಿ ಲಂಗರು. ಎಂಜಿನ್ ಆಫ್. ಬಂಕ್‌ನಲ್ಲಿ ಮಲಗಿದ್ರೆ ಕಿಟಕಿ ಆಚೆ ಸದ್ದು, ತಾಯಿದು ದೀರ್ಘವಾಗಿ ಫೂ...ಶ್, ಆಮೇಲೆ ಮರಿದು ಪುಸ್ಕ್, ಮತ್ತೆ ಪುಸ್ಕ್. ಗಡಿಯಾರ ಹಿಡಿದು ಎಣಿಸಿದೆ, ತಾಯಿ ನಾಲ್ಕು ನಿಮಿಷ ಒಳಗಿದ್ರೆ ಮರಿ ಅಷ್ಟರಲ್ಲಿ ಐದಾರು ಸಲ ಮೇಲೆ ಬಂದಿರ್ತಿತ್ತು. ಫೋನ್‌ನಲ್ಲಿ ರೆಕಾರ್ಡ್ ಮಾಡ್ಕೊಂಡೆ.

ವಾಪಸ್ ಬಂದ್ಮೇಲೆ ಉದ್ದ ಪಾಠ ಕಳಿಸೋ ಬದಲು ಅದನ್ನೇ ಮಾವನಿಗೆ ಕಳಿಸಿದೆ, ಜೊತೆಗೆ ಒಂದು ಸುದ್ದಿ: ಅರಬ್ಬೀ ಸಮುದ್ರದ ಹಂಪ್‌ಬ್ಯಾಕ್ ತಿಮಿಂಗಿಲಗಳು ಧ್ರುವದ ಕಡೆ ಹೋಗೋದೇ ಇಲ್ಲ, ಸುಮಾರು 70 ಸಾವಿರ ವರ್ಷದಿಂದ ಬೇರೆ ಸಂಸಾರ, ಒಮಾನ್ ಕಡೆ ಉಳಿದಿರೋದು ನೂರಕ್ಕೂ ಕಮ್ಮಿ, ಅದರಲ್ಲಿ ಲುಬಾನ್ ಅನ್ನೋ ಹೆಣ್ಣು 2017ರ ಕೊನೆಗೆ ಸ್ಯಾಟಲೈಟ್ ಟ್ಯಾಗ್ ಹೊತ್ತು ಸಮುದ್ರ ದಾಟಿ, ಗೋವಾ ಕಡೆಯಿಂದ ದಕ್ಷಿಣಕ್ಕೆ ಕನ್ಯಾಕುಮಾರಿ ತನಕ ಹೋಯ್ತು, ಅಂದ್ರೆ ನಿಮ್ಮ ಹೊನ್ನಾವರದ ಮುಂದಿನ ಕಡಲಲ್ಲೇ.

ಸ್ವಲ್ಪ ಹೊತ್ತಿಗೆ ವಾಯ್ಸ್ ಮೆಸೇಜ್ ಬಂತು. "ಎರಡು ಸಲ ಕೇಳಿದೆ ಮಾರಾಯ. ನೀರು ಬೀಳೋ ಸದ್ದೇ ಇಲ್ವಲ್ಲೋ ಇದ್ರಲ್ಲಿ. ನಮ್ಮ ಕೊಟ್ಟಿಗೆಲಿ ಎಮ್ಮೆ ಮಲಗಿದಾಗ ಹಿಂಗೇ."