ಗೋಡೆ ತೀರಿಸುವ ಬಿಸಿಯ ಸಾಲ

ಒಲೆಯಿಲ್ಲ, ಬೆಂಕಿಯಿಲ್ಲ, ಆದರೂ ಡ್ರಮ್ಮಿನಲ್ಲಿ ನೀರು ಕೊತಕೊತ ಕುದಿಯುತ್ತಿದೆ. ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಹೊಡೆಯುತ್ತಿದ್ದ ಕಾಲದಲ್ಲಿ ಬೆಳೆದವರು ಇದನ್ನು ಮರೆತಿರಲಿಕ್ಕಿಲ್ಲ. ಹಿಂದಿನ ದಿನವೇ ಸುಣ್ಣದ ಹರಳು ತಂದು ಹಳೆಯ ಡ್ರಮ್ಮಿಗೆ ಹಾಕಿ, ಮೇಲೆ ನೀರು ಸುರಿಯುತ್ತಿದ್ದರು. ಸ್ವಲ್ಪ ಹೊತ್ತು ಏನೂ ಆಗುತ್ತಿರಲಿಲ್ಲ. ಆಮೇಲೆ ಸುಂಯ್ ಎಂಬ ಸದ್ದು, ಬಿಳಿ ಹಬೆ, ಹರಳು ಬಿರಿದು ಹಿಟ್ಟಾಗುವ ಚಟಪಟ. 'ಸುಣ್ಣ ಅರಳ್ತಾ ಇದೆ, ಹತ್ತಿರ ಬರಬೇಡಿ' ಎಂದು ಮಕ್ಕಳನ್ನು ದೂರ ನಿಲ್ಲಿಸುತ್ತಿದ್ದರು.

ದೂರ ನಿಲ್ಲಿಸಿದ್ದು ಸರಿಯೇ. ಕಣ್ಣಿಗೆ ಸಿಡಿದ ಸುಣ್ಣ ದೃಷ್ಟಿಯನ್ನೇ ಕಳೆಯಬಲ್ಲದು. ಬಿಸಿಯ ಜೊತೆಗೆ ಅದರ ಕ್ಷಾರ ಗುಣವೂ ಸುಡುತ್ತದೆ. ಆದ್ದರಿಂದ ಎಲೆ ಅಡಿಕೆಗೆ ಇಟ್ಟ ತಣ್ಣನೆಯ ಸುಣ್ಣವೂ ಅಷ್ಟೇ ಅಪಾಯ. ಹಾಗೇನಾದರೂ ಆದರೆ ಕಣ್ಣು ಉಜ್ಜಬಾರದು. ತಕ್ಷಣ ಧಾರಾಳವಾಗಿ ನೀರು ಹಾಕಿ ತೊಳೆಯುತ್ತಲೇ ಇರಬೇಕು, ಬೇಗ ವೈದ್ಯರಿಗೆ ತೋರಿಸಬೇಕು.

ಸರಿ, ಆ ಬಿಸಿ ಎಲ್ಲಿಂದ ಬಂತು? ನೀರು ತಣ್ಣಗಿತ್ತು. ಹರಳೂ ತಣ್ಣಗಿತ್ತು.

ಉತ್ತರ ಹುಡುಕಲು ಸುಣ್ಣದ ಗೂಡಿನ ಹತ್ತಿರ ಹೋಗಬೇಕು. ಅಲ್ಲಿ ಸುಣ್ಣದ ಕಲ್ಲನ್ನು ಇದ್ದಿಲಿನ ಜೊತೆ ಪದರ ಪದರವಾಗಿ ತುಂಬಿ ಸುಡುತ್ತಾರೆ. ನಮ್ಮ ಕರಾವಳಿಯಲ್ಲಾದರೆ ಕಲ್ಲಿನ ಬದಲು ಕಪ್ಪೆಚಿಪ್ಪು. ರಸಾಯನಶಾಸ್ತ್ರಕ್ಕೆ ಎರಡೂ ಒಂದೇ, ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಅದು ಒಡೆಯುತ್ತದೆ. 100 ಗ್ರಾಂ ಕಲ್ಲಿನಿಂದ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ, 56 ಗ್ರಾಂ ಸುಟ್ಟ ಸುಣ್ಣ, ಅಂದರೆ ಡ್ರಮ್ಮಿಗೆ ಹಾಕುವ ಆ ಹರಳು, ಉಳಿಯುತ್ತದೆ. ಸುಟ್ಟ ಕಲ್ಲನ್ನು ಎತ್ತಿದರೆ ಹಗುರ ಅನ್ನಿಸುವುದು ಅದಕ್ಕೇ.

ಹಿಂದೆ ಯುರೋಪಿನಲ್ಲಿ ಇದನ್ನು ಬೇರೆ ರೀತಿ ಅರ್ಥ ಮಾಡಿಕೊಂಡಿದ್ದರು. ಸುಡುವಾಗ ಬೆಂಕಿಯೇ ಕಲ್ಲಿನೊಳಗೆ ಸೇರಿಕೊಳ್ಳುತ್ತದೆ, ಅದಕ್ಕೇ ಸುಣ್ಣ ಚುರುಗುಡುತ್ತದೆ ಎಂಬ ನಂಬಿಕೆ ಇತ್ತು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ತಕ್ಕಡಿ ಹಿಡಿದು ಕೂತರು. ಕಲ್ಲಿಗೆ ಏನೂ ಸೇರುವುದಿಲ್ಲ, ಬದಲಿಗೆ ಅದರಿಂದ ಒಂದು ಗಾಳಿ ಹೊರಟುಹೋಗುತ್ತದೆ ಎಂದು 1756ರಲ್ಲಿ ಪ್ರಕಟಿಸಿದರು. ತೂಕದ ಮಟ್ಟಿಗೆ ಅವರದ್ದೇ ಸರಿ. ಆದರೂ ಹಳೆಯ ನಂಬಿಕೆಯನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬೆಂಕಿ ವಸ್ತುವಾಗಿ ಒಳಗೆ ಹೋಗಲಿಲ್ಲ ನಿಜ, ಆದರೆ ಅದರ ಶಕ್ತಿಯ ಒಂದು ಪಾಲು ನಿಜವಾಗಿಯೂ ಹಿಂದೆ ಉಳಿಯಿತು.

ಎಷ್ಟು ಉಳಿಯಿತು? 100 ಗ್ರಾಂ ಕಲ್ಲಿಗೆ 178 ಕಿಲೋಜೂಲ್. ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಬಿಸಿ ಇದು. ಗೂಡಿಗೆ ಹಾಕುವ ಬಿಸಿ ಇದಕ್ಕಿಂತ ತುಂಬಾ ಜಾಸ್ತಿ. ಕಲ್ಲನ್ನು 900 ಡಿಗ್ರಿಗೆ ಏರಿಸಲು ಬೇಕಾದ ಬಿಸಿ, ಸುಣ್ಣ ಆರುವಾಗ ವಾಪಸ್ ಹೊರಗೆ ಹೋಗುತ್ತದೆ. ಆದರೆ ಕಲ್ಲು ಒಡೆಯಲು ಖರ್ಚಾದ ಈ 178 ಕಿಲೋಜೂಲ್ ಮಾತ್ರ ಸುಣ್ಣ ಪೂರ್ತಿ ತಣ್ಣಗಾದರೂ ಹಿಂದಕ್ಕೆ ಬರುವುದಿಲ್ಲ. ಕೈಗೆ ತಾಗದ ಹಾಗೆ ಕೂತಿರುತ್ತದೆ.

ಇದನ್ನೇ ಎಂಥಾಲ್ಪಿ ಬದಲಾವಣೆ ಎನ್ನುವುದು. ಹೆಸರು ಕೇಳಿ ಹೆದರಬೇಕಿಲ್ಲ. ಬಾಯಿ ತೆರೆದ ಪಾತ್ರೆಯಲ್ಲಿ, ಅಂದರೆ ಒತ್ತಡ ಬದಲಾಗದ ಹಾಗೆ, ಒಂದು ಕ್ರಿಯೆ ನಡೆದಾಗ ಎಷ್ಟು ಬಿಸಿ ಒಳಗೆ ಬಂತು ಅಥವಾ ಹೊರಗೆ ಹೋಯಿತು ಎಂಬ ಲೆಕ್ಕ ಅಷ್ಟೇ. ಒಳಗೆ ಬಂದರೆ ಅಂತರುಷ್ಣಕ ಕ್ರಿಯೆ, ಪ್ಲಸ್ ಗುರುತು. ಹೊರಗೆ ಹೋದರೆ ಬಹಿರುಷ್ಣಕ ಕ್ರಿಯೆ, ಮೈನಸ್ ಗುರುತು. ಶಾಲೆಯಲ್ಲಿ ಮಕ್ಕಳು ಎಡವುವುದು ಇಲ್ಲೇ. ನಮಗೆ ಬಿಸಿ ಸಿಕ್ಕಿತಲ್ಲ, ಪ್ಲಸ್ ಆಗಬೇಕಿತ್ತು ಅಲ್ವಾ ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಇಲ್ಲಿ ಖಾತೆ ಇರುವುದು ವಸ್ತುಗಳ ಹೆಸರಿನಲ್ಲಿ. ಅವು ಕೊಟ್ಟಿವೆ, ಅವುಗಳ ಖಾತೆಯಲ್ಲಿ ಕಡಿಮೆಯಾಗಿದೆ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಪರಮಾಣುಗಳನ್ನು ಒಂದಕ್ಕೊಂದು ಹಿಡಿದಿಡುವ ಬಂಧ ಮುರಿದಾಗ ಶಕ್ತಿ ಹೊರಬರುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಅದು ತಲೆಕೆಳಗು. ಬಂಧ ಮುರಿಯಲು ಯಾವಾಗಲೂ ಶಕ್ತಿ ಬೇಕು, ಹೊಸ ಬಂಧ ಕೂಡಿದಾಗ ಶಕ್ತಿ ಬಿಡುಗಡೆಯಾಗುತ್ತದೆ. ಎರಡರ ನಡುವಿನ ವ್ಯತ್ಯಾಸವೇ ನಮ್ಮ ಕೈಗೆ ಬಿಸಿಯಾಗಿ ಅಥವಾ ತಂಪಾಗಿ ಸಿಗುವುದು.

ಈಗ ಡ್ರಮ್ಮಿಗೆ ವಾಪಸ್ ಬರೋಣ. ಆ 56 ಗ್ರಾಂ ಸುಟ್ಟ ಸುಣ್ಣ 18 ಗ್ರಾಂ ನೀರನ್ನು ಹೀರಿ 74 ಗ್ರಾಂ ಅರಳಿದ ಸುಣ್ಣವಾಗುತ್ತದೆ. ಆಗ 65 ಕಿಲೋಜೂಲ್ ಹೊರಬರುತ್ತದೆ. ಒಂದು ಕಿಲೋ ಹರಳು ಅರಳಿದಾಗ ಬರುವ ಬಿಸಿ ಒಂದಿಷ್ಟೂ ಪೋಲಾಗದಿದ್ದರೆ ಮೂರೂವರೆ ಲೀಟರ್ ನೀರನ್ನು ಕುದಿಸಲು ಸಾಕು. ಗೂಡಿನಲ್ಲಿ ಇದ್ದಿಲು ಕೊಟ್ಟ ಸಾಲವನ್ನು ಸುಣ್ಣ ಎಷ್ಟೋ ದೂರದ ಮನೆಯ ಅಂಗಳದಲ್ಲಿ ತೀರಿಸುತ್ತಿದೆ. ಆದರೆ ಪೂರ್ತಿ ತೀರಲಿಲ್ಲ. ಪಡೆದದ್ದು 178, ಕೊಟ್ಟಿದ್ದು 65. ಉಳಿದ 113 ಎಲ್ಲಿ?

ಗೋಡೆಯಲ್ಲಿ. ಬಳಿದ ಸುಣ್ಣ ಗಾಳಿಯಿಂದ ನಿಧಾನವಾಗಿ ಕಾರ್ಬನ್ ಡೈಆಕ್ಸೈಡನ್ನು ಎಳೆದುಕೊಳ್ಳುತ್ತದೆ. 74 ಗ್ರಾಂ ಅರಳಿದ ಸುಣ್ಣ 44 ಗ್ರಾಂ ಅನಿಲವನ್ನು ಪಡೆದು, 18 ಗ್ರಾಂ ನೀರನ್ನು ಬಿಟ್ಟುಕೊಟ್ಟು, ಮತ್ತೆ 100 ಗ್ರಾಂ ಕಲ್ಲಾಗುತ್ತದೆ. ಈ ಹೆಜ್ಜೆಯಲ್ಲಿ ಹೊರಬರುವ ಬಿಸಿ ಸರಿಯಾಗಿ 113 ಕಿಲೋಜೂಲ್. 65 ಕೂಡಿಸು 113, ಒಟ್ಟು 178. ನಾನು ಮೊದಲ ಸಲ ಈ ಮೂರು ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಬರೆದು ಕೂಡಿಸಿದಾಗ ಆದ ಸಂತೋಷ ಇನ್ನೂ ನೆನಪಿದೆ.

ನೀರು ಕುದಿಸಿದ ಮೊದಲ ಕಂತಿಗಿಂತ ಈ ಎರಡನೇ ಕಂತು ದೊಡ್ಡದು. ಆದರೂ ಸುಣ್ಣ ಬಳಿದ ಗೋಡೆ ಬಿಸಿಯಾಯಿತು ಎಂದು ಯಾರೂ ಹೇಳಿದ್ದಿಲ್ಲ. ಡ್ರಮ್ಮಿನಲ್ಲಿ ನಿಮಿಷಗಳಲ್ಲಿ ಮುಗಿಯುವ ಕೆಲಸ ಗೋಡೆಯ ಮೇಲೆ ದಿನಗಟ್ಟಲೆ, ದಪ್ಪ ಗಾರೆಯಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಬಿಸಿ ಹುಟ್ಟಿದ ಹಾಗೇ ಗಾಳಿಗೆ ಜಾರಿಹೋಗುತ್ತದೆ. ಎಂಥಾಲ್ಪಿ ಎಷ್ಟು ಬಿಸಿ ಎಂದು ಹೇಳುತ್ತದೆ, ಎಷ್ಟು ಬೇಗ ಎಂದು ಹೇಳುವುದಿಲ್ಲ.

ದಾರಿ ಯಾವುದಾದರೂ, ಎಷ್ಟು ಹೆಜ್ಜೆಯಾದರೂ ಒಟ್ಟು ಬಿಸಿಯ ಲೆಕ್ಕ ಒಂದೇ ಎಂಬುದನ್ನು 1840ರಲ್ಲಿ ಹೇಳಿದವರು ಜರ್ಮೈನ್ ಹೆಸ್. ಜಿನೀವಾದಲ್ಲಿ ಹುಟ್ಟಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ದುಡಿದವರು. ಶಕ್ತಿ ಎಲ್ಲೂ ನಾಶವಾಗುವುದಿಲ್ಲ ಎಂಬ ನಿಯಮ ಇನ್ನೂ ಗಟ್ಟಿಯಾಗಿ ರೂಪುಗೊಂಡಿರದ ಕಾಲದಲ್ಲಿ, ಬರೀ ಅಳತೆಗಳಿಂದ ಅವರು ಇಲ್ಲಿಗೆ ತಲುಪಿದ್ದರು.

ಸಿಮೆಂಟಿನ ಗೂಡುಗಳಲ್ಲೂ ಇದೇ ಕಲ್ಲು ಒಡೆಯುತ್ತದೆ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆ ಕಾರ್ಖಾನೆಗಳು ಬಂದದ್ದು ಅಲ್ಲಿನ ಸುಣ್ಣದ ಕಲ್ಲಿಗಾಗಿಯೇ. ಸಿಮೆಂಟ್ ತಯಾರಿಕೆಯಲ್ಲಿ ಹೊರಬೀಳುವ ಕಾರ್ಬನ್ ಡೈಆಕ್ಸೈಡಿನ ಅರ್ಧಕ್ಕಿಂತ ಜಾಸ್ತಿ ಪಾಲು ಬರುವುದು ಉರುವಲಿನಿಂದ ಅಲ್ಲ, ಕಲ್ಲಿನಿಂದಲೇ. ಎಷ್ಟು ಸ್ವಚ್ಛವಾದ ಉರುವಲು ಬಳಸಿದರೂ ಈ ಪಾಲು ತಪ್ಪುವುದಿಲ್ಲ. ಇದು ನಾವು ಗಂಭೀರವಾಗಿ ಯೋಚಿಸಬೇಕಾದ ವಿಷಯ.

ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡುವವರು ಸುಣ್ಣದ ಗಾರೆಯನ್ನು ಪರೀಕ್ಷಿಸಲು ಕ್ಷಾರ ತಾಗಿದರೆ ಬಣ್ಣ ಬದಲಿಸುವ ಫಿನಾಲ್ಫ್ಥಲೀನ್ ದ್ರಾವಣ ಬಳಸುತ್ತಾರೆ. ಗಾರೆಯ ತುಂಡನ್ನು ಮುರಿದು ಒಂದೆರಡು ಹನಿ ಹಾಕುತ್ತಾರೆ. ಮತ್ತೆ ಕಲ್ಲಾಗಿರುವ ಹೊರಪದರ ಬಣ್ಣ ಬದಲಿಸುವುದಿಲ್ಲ. ಒಳಗೆ, ಗಾಳಿ ಇನ್ನೂ ತಲುಪದ ಕಡೆ, ಗಾಢ ಗುಲಾಬಿ ಬಣ್ಣ ಏಳುತ್ತದೆ. ಆ ಗುಲಾಬಿ ಇರುವಲ್ಲೆಲ್ಲ ಎರಡನೇ ಕಂತು ಇನ್ನೂ ಬಾಕಿ ಇದೆ.