ಉತ್ತರ ಪತ್ರಿಕೆ ಮರಳಿ ಬರಲಿಲ್ಲ

2024ರ ಮಾರ್ಚ್ 12, ಮಂಗಳವಾರ. ಪಾಂಡವಪುರ ತಾಲ್ಲೂಕಿನ ನಮ್ಮೂರಿನಲ್ಲಿ ಪಕ್ಕದ ಮನೆಯ ಹುಡುಗಿ ಜಗಲಿಯ ಮೇಲೆ ಕುಳಿತು ಮರುದಿನದ ಪರಿಸರ ಅಧ್ಯಯನ ಪರೀಕ್ಷೆಗೆ ಓದುತ್ತಿದ್ದಳು. ಐದನೇ ತರಗತಿ. ಆ ವರ್ಷ ಅವರಿಗೆ ಶಾಲೆಯಲ್ಲ, ರಾಜ್ಯದ ಪರೀಕ್ಷಾ ಮಂಡಳಿಯೇ ಪರೀಕ್ಷೆ ನಡೆಸುತ್ತಿತ್ತು. ಸೋಮವಾರ ಕನ್ನಡ, ಅಂದು ಇಂಗ್ಲಿಷ್ ಬರೆದು ಬಂದಿದ್ದಳು. ದೀಪ ಹಚ್ಚುವ ಹೊತ್ತಿಗೆ ಅವಳ ತಾಯಿಯ ಮೊಬೈಲಿಗೆ ಮೇಷ್ಟರ ಸಂದೇಶ ಬಂತು: ನಾಳೆ ಪರೀಕ್ಷೆ ಇಲ್ಲ, ಮುಂದಿನ ಸೂಚನೆ ಬರುವವರೆಗೆ ಕಾಯಿರಿ. ಹುಡುಗಿ ಪುಸ್ತಕ ಮುಚ್ಚಲಿಲ್ಲ. ನನ್ನ ಕಡೆ ತಿರುಗಿ, ‘ಹಾಗಾದರೆ ನಾನು ಪಾಸೋ, ಫೇಲೋ ಮಾವ?’ ಎಂದು ಕೇಳಿದಳು.

ಈ ಪರೀಕ್ಷೆಯಲ್ಲಿ ಫೇಲೇ ಇಲ್ಲವಮ್ಮ ಎಂದೆ. ಅವಳು ನಂಬಲಿಲ್ಲ. ಫೇಲಿಲ್ಲದ ಪರೀಕ್ಷೆಗೆ ಬೆಂಗಳೂರಿನಿಂದ ಪ್ರಶ್ನೆಪತ್ರಿಕೆ ಏಕೆ ಬರಬೇಕು, ಬೇರೆ ಶಾಲೆಯ ಶಿಕ್ಷಕರು ಏಕೆ ತಿದ್ದಬೇಕು, ದೆಹಲಿಯ ಸುಪ್ರೀಂ ಕೋರ್ಟ್ ಏಕೆ ತಡೆಯಬೇಕು? ಮಗುವಿನ ಮನಸ್ಸಿನಲ್ಲಿದ್ದ ಈ ಪ್ರಶ್ನೆಗಳಿಗೆ ಎರಡು ಮಾತಿನಲ್ಲಿ ಉತ್ತರ ಹೇಳಲಾಗುವುದಿಲ್ಲ. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಗಣಿತ ಕಲಿಸಿದ ನನಗೂ ಇದು ಅರ್ಥವಾಗಲು ಹಿಂದಕ್ಕೆ ಹೋಗಿ ನೋಡಬೇಕಾಯಿತು.

ಹಳೇ ಮೈಸೂರಿನ ಹಿರಿಯರು ಯಾರ ಓದಿನ ಬಗ್ಗೆ ಹೇಳುವಾಗಲೂ ಪರೀಕ್ಷೆಯ ಹೆಸರನ್ನೇ ಹೇಳುತ್ತಿದ್ದರು. ‘ಅವರು ಎಲ್.ಎಸ್. ಪಾಸಾದವರು’ ಎಂದರೆ ಲೋಯರ್ ಸೆಕೆಂಡರಿ ಮುಗಿಸಿದವರು ಎಂದರ್ಥ. ಉತ್ತರ ಕರ್ನಾಟಕದಲ್ಲಿ ಅದೇ ಗೌರವ ‘ಮುಲ್ಕಿ’ ಪರೀಕ್ಷೆಗೆ ಇತ್ತು. ಶಾಲೆಗಳು ವಿರಳವಾಗಿದ್ದ ಕಾಲದಲ್ಲಿ ಪರೀಕ್ಷೆ ಎಂದರೆ ಜರಡಿ: ಕೆಲವರನ್ನು ಮುಂದಕ್ಕೆ ಬಿಟ್ಟು ಉಳಿದವರನ್ನು ನಿಲ್ಲಿಸುವುದೇ ಅದರ ಕೆಲಸ. 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಬಂದು ಎಸ್‌ಎಸ್‌ಎಲ್‌ಸಿಯ ಹೊಣೆ ಹೊತ್ತಿತು. ಎಸ್‌ಎಸ್‌ಎಲ್‌ಸಿಗೆ ಬರುವ ಮೊದಲು ಮಕ್ಕಳು ದಾಟಬೇಕಾಗಿದ್ದ ಇನ್ನೊಂದು ಗೇಟು ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ.

ಆ ಗೇಟನ್ನು ನಾನೂ ದಾಟಿದ್ದೇನೆ. ಹೋಬಳಿ ಕೇಂದ್ರದ ಶಾಲೆಯಲ್ಲಿ ನಮ್ಮ ಸೀಟು ಬಿದ್ದಿತ್ತು. ಅಲ್ಲಿಯವರೆಗೆ ಊರು ಬಿಟ್ಟು ಬೇರೆಡೆ ಪರೀಕ್ಷೆ ಬರೆದವರಲ್ಲ ನಾವು. ರಟ್ಟು, ಇಂಕಿನ ಪೆನ್ನು, ಬುತ್ತಿಯಲ್ಲಿ ಚಿತ್ರಾನ್ನ. ಗೊತ್ತಿಲ್ಲದ ಮೇಷ್ಟರು, ಗೊತ್ತಿಲ್ಲದ ಗೋಡೆ. ನನ್ನ ಪಕ್ಕ ಬೆಂಚಿನಲ್ಲಿ ವರ್ಷವಿಡೀ ಕುಳಿತಿದ್ದ ಗೆಳೆಯ ಗಣಿತದಲ್ಲಿ ಹೋದ. ಜೂನ್‌ನಲ್ಲಿ ನಾನು ಹೈಸ್ಕೂಲಿಗೆ ಹೊರಟಾಗ ಅವನು ಅವರ ಚಿಕ್ಕಪ್ಪನ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದ. ಮತ್ತೆ ಶಾಲೆಗೆ ಬರಲಿಲ್ಲ. ಅವನಿಗೆ ಯಾವ ಲೆಕ್ಕ ಬರುತ್ತಿರಲಿಲ್ಲ ಎಂದು ಯಾರೂ ಕೇಳಲಿಲ್ಲ. ಅಂಕಪಟ್ಟಿಯಲ್ಲಿ ಒಂದು ಅಂಕಿ ಇತ್ತು, ಅದರ ಕೆಳಗೆ ಕೆಂಪು ಗೆರೆ ಇತ್ತು. ಅವನ ಉತ್ತರ ಪತ್ರಿಕೆ ಎಲ್ಲಿ ಹೋಯಿತೋ! ಅದನ್ನು ನಮ್ಮ ಮೇಷ್ಟರು ಒಮ್ಮೆ ನೋಡಿದ್ದರೂ ಎರಡು ತಿಂಗಳ ರಜೆಯಲ್ಲಿ ಅವನಿಗೆ ಹೇಳಿಕೊಡುತ್ತಿದ್ದರು ಎಂದು ಇಂದಿಗೂ ನಂಬಿದ್ದೇನೆ.

ಊರೂರಿನಲ್ಲಿ ಹೀಗೆ ಉಳಿದುಹೋದವರು ಇದ್ದರು, ಹೆಣ್ಣುಮಕ್ಕಳೇ ಹೆಚ್ಚು. ಆ ಪಬ್ಲಿಕ್ ಪರೀಕ್ಷೆ ಮುಂದೊಮ್ಮೆ ನಿಂತುಹೋಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಈ ವಿಚಾರ ಕಾನೂನಿನ ಭಾಷೆಗೇ ಬಂತು. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸುವಂತಿಲ್ಲ ಎಂದು 16ನೇ ಸೆಕ್ಷನ್ ಹೇಳಿತು. ಅಲ್ಲಿಯವರೆಗೆ ಯಾವ ಬೋರ್ಡ್ ಪರೀಕ್ಷೆಯನ್ನೂ ಮಗು ಪಾಸು ಮಾಡಬೇಕಾಗಿಲ್ಲ ಎಂದು 30ನೇ ಸೆಕ್ಷನ್ ಹೇಳಿತು. ಬದಲಿಗೆ ಬಂದದ್ದು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ, ಶಿಕ್ಷಕರ ಬಾಯಲ್ಲಿ ಸಿಸಿಇ. ವರ್ಷಕ್ಕೆ ಕಲಿಕೆಯ ನಡುನಡುವೆ ನಾಲ್ಕು ‘ರೂಪಣಾತ್ಮಕ’ ಪರೀಕ್ಷೆ, ಅವಧಿಯ ಕೊನೆಗೆ ಒಂದರಂತೆ ಎರಡು ‘ಸಂಕಲನಾತ್ಮಕ’ ಪರೀಕ್ಷೆ. ಮಗು ಕಲಿಯುತ್ತಿರುವಾಗಲೇ ಅದರ ತಪ್ಪನ್ನು ಗುರುತಿಸಿ ಅಲ್ಲಿಯೇ ತಿದ್ದುವುದು ಇದರ ಜೀವಾಳ.

ಆಶಯ ಚೆನ್ನಾಗಿತ್ತು. ಆದರೆ ನಲವತ್ತು ಮಕ್ಕಳ ತರಗತಿಯಲ್ಲಿ, ಒಬ್ಬರೇ ಶಿಕ್ಷಕರು ಎರಡು ತರಗತಿ ನೋಡುವ ಶಾಲೆಯಲ್ಲಿ ಸಿಸಿಇ ಎಂದರೆ ರಿಜಿಸ್ಟರ್ ತುಂಬುವ ಕೆಲಸವಾಯಿತು. ನಾನೂ ತುಂಬಿದ್ದೇನೆ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಿಂದ ತಪಾಸಣೆ ಎಂದ ಹಿಂದಿನ ರಾತ್ರಿ ಗ್ರೇಡುಗಳನ್ನು ಬರೆದು ಮುಗಿಸಿದ ಶಿಕ್ಷಕರು ಜಿಲ್ಲೆಯಲ್ಲಿ ಒಬ್ಬಿಬ್ಬರಲ್ಲ. ‘ಪರೀಕ್ಷೆಯೇ ಇಲ್ಲವಂತೆ, ಓದುವುದೇಕೆ’ ಎಂದು ತಂದೆತಾಯಿಗಳು ಹೇಳತೊಡಗಿದ್ದು ಈ ವರ್ಷಗಳಲ್ಲಿಯೇ.

ಇತ್ತ ಇನ್ನೊಂದು ಬಗೆಯ ಪರೀಕ್ಷೆ ಸದ್ದಿಲ್ಲದೆ ಬೆಳೆಯುತ್ತಿತ್ತು. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಇಡೀ ಗೊಂದಲದ ಗಂಟು ಇರುವುದು ಇಲ್ಲಿ.

ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲಿ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. 1963ರಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ಎಂದು ಶುರುವಾದದ್ದು, ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ, ಅಂದರೆ ಎನ್‌ಸಿಇಆರ್‌ಟಿಯ ಅಂಗ. ಅದೇ ಎನ್‌ಸಿಇಆರ್‌ಟಿ ರೂಪಿಸಿದ ರಾಷ್ಟ್ರೀಯ ಸಾಧನಾ ಸಮೀಕ್ಷೆ 2017ರಲ್ಲಿ ನಡೆಯಿತು, 2021ರ ನವೆಂಬರ್ 12ರಂದು ಮತ್ತೆ ನಡೆಯಿತು. 2021ರಲ್ಲಿ 720 ಜಿಲ್ಲೆಗಳ ಸುಮಾರು 1.18 ಲಕ್ಷ ಶಾಲೆಗಳಲ್ಲಿ 34 ಲಕ್ಷದಷ್ಟು ಮಕ್ಕಳು ಬರೆದರು. ಎಲ್ಲ ಶಾಲೆಗಳೂ ಇಲ್ಲ, ಎಲ್ಲ ಮಕ್ಕಳೂ ಇಲ್ಲ. ಶಾಲೆಗಳನ್ನು ಆರಿಸುತ್ತಾರೆ. ಆ ಶಾಲೆಯ ತರಗತಿಯಲ್ಲಿ ಮಕ್ಕಳು ಹೆಚ್ಚಿದ್ದರೆ ಅವರಲ್ಲಿಯೂ ಮೂವತ್ತರವರೆಗೆ ಆರಿಸುತ್ತಾರೆ. ಹೊರಗಿನಿಂದ ಬಂದ ಕ್ಷೇತ್ರ ಪರಿವೀಕ್ಷಕರು ಪತ್ರಿಕೆ ಹಂಚುತ್ತಾರೆ, ಚಿಕ್ಕ ತರಗತಿಗಳ ಮಕ್ಕಳ ಉತ್ತರವನ್ನು ಯಂತ್ರ ಓದುವ ಒಎಂಆರ್ ಹಾಳೆಗೆ ಇಳಿಸುತ್ತಾರೆ. ಫಲಿತಾಂಶ ಜಿಲ್ಲೆಯದು, ರಾಜ್ಯದ್ದು. ಮಗುವಿನ ಹೆಸರಿನಲ್ಲಿ ಅಂಕಪಟ್ಟಿ ಬರುವುದೇ ಇಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ನಾಲ್ಕು ಅಗುಳು ಹಿಸುಕಿದಂತೆ. 2024ರ ಡಿಸೆಂಬರ್ 4ರಂದು ಮೂರು, ಆರು ಮತ್ತು ಒಂಬತ್ತನೇ ತರಗತಿಗಳಿಗೆ ನಡೆದ ‘ಪರಖ್’ ಸರ್ವೇಕ್ಷಣೆಯೂ ಇದೇ ಜಾತಿಯದು. 2005ರಿಂದ ಮನೆಮನೆಗೆ ಹೋಗಿ, ಐದನೇ ತರಗತಿಯ ಮಗು ಎರಡನೇ ತರಗತಿಯ ಪಾಠ ಓದುತ್ತದೆಯೇ ಎಂದು ನೋಡುವ ‘ಅಸರ್’ ವರದಿಯೂ ಇದೇ ಕುಲದ್ದು.

ಅಂದರೆ ಪರೀಕ್ಷೆ ಎರಡು ಬಗೆಯದು. ಒಂದು ಮಗುವನ್ನು ಅಳೆಯುವುದು, ಇನ್ನೊಂದು ಶಾಲಾ ವ್ಯವಸ್ಥೆಯನ್ನು ಅಳೆಯುವುದು. ಮೊದಲನೆಯದಕ್ಕೆ ಎಲ್ಲ ಮಕ್ಕಳೂ ಕೂರಬೇಕು, ಫಲಿತಾಂಶ ಬೇಗ ಸಿಗಬೇಕು, ಅದು ತರಗತಿಯ ಶಿಕ್ಷಕರ ಕೈಗೆ ಬರಬೇಕು. ಎರಡನೆಯದಕ್ಕೆ ಕೆಲವರು ಕುಳಿತರೆ ಸಾಕು. ನಮ್ಮ ರಾಜ್ಯ ಈ ಎರಡನ್ನೂ ಒಂದೇ ಪತ್ರಿಕೆಯಿಂದ ಮಾಡಲು ಹೊರಟಿತು. ನನ್ನ ದೃಷ್ಟಿಯಲ್ಲಿ ತಪ್ಪಿದ್ದು ಅಲ್ಲಿ.

2019ರಲ್ಲಿ ಕೇಂದ್ರ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿತು. ಐದು ಮತ್ತು ಎಂಟನೇ ತರಗತಿಯ ಕೊನೆಗೆ ನಿಯತ ಪರೀಕ್ಷೆ ನಡೆಯಬೇಕು, ಹಿಂದುಳಿದ ಮಗುವಿಗೆ ಹೆಚ್ಚುವರಿ ಬೋಧನೆ ನೀಡಬೇಕು, ಎರಡು ತಿಂಗಳೊಳಗೆ ಮರುಪರೀಕ್ಷೆ ಕೊಡಬೇಕು. ಆಮೇಲೂ ಆಗದಿದ್ದರೆ ಉಳಿಸಿಕೊಳ್ಳಬೇಕೋ ಬೇಡವೋ ಎಂಬುದನ್ನು ಆಯಾ ಸರ್ಕಾರ ತೀರ್ಮಾನಿಸಬಹುದು. 30ನೇ ಸೆಕ್ಷನ್ ಮಾತ್ರ ಹಾಗೆಯೇ ಉಳಿಯಿತು. ಅದೇ ವರ್ಷ ಅಂದಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಏಳನೇ ತರಗತಿಗೆ ಮತ್ತೆ ಪಬ್ಲಿಕ್ ಪರೀಕ್ಷೆ ಎಂದರು, ಯಾರನ್ನೂ ಫೇಲು ಮಾಡುವುದಿಲ್ಲ ಎಂದೂ ಹೇಳಿದರು. ಅಷ್ಟರಲ್ಲಿ ಕೊರೊನಾ ಬಂತು, ಶಾಲೆಗಳು ಮುಚ್ಚಿದವು. 2021ರಲ್ಲಿ ಎಸ್‌ಎಸ್‌ಎಲ್‌ಸಿಯೇ ಜುಲೈ 19 ಮತ್ತು 22, ಎರಡು ದಿನಗಳ ಬಹುಆಯ್ಕೆ ಪ್ರಶ್ನೆಗಳಿಗೆ ಇಳಿಯಿತು.

ಮತ್ತೆ ಶಾಲೆ ತೆರೆದಾಗ ಮಕ್ಕಳು ಎಷ್ಟು ಹಿಂದೆ ಬಿದ್ದಿದ್ದಾರೆ ಎಂದು ತಿಳಿಯುವ ತುರ್ತು ನಿಜವಾಗಿಯೂ ಇತ್ತು. 2022ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಗೆ ಪಿಯು ಪರೀಕ್ಷಾ ವಿಭಾಗ ಸೇರಿ ‘ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ’ ಆಯಿತು. ಡಿಸೆಂಬರ್‌ನಲ್ಲಿ ಸುತ್ತೋಲೆ ಹೊರಟಿತು: ಐದು ಮತ್ತು ಎಂಟನೇ ತರಗತಿಗೆ ಮಂಡಳಿಯಿಂದಲೇ ಮೌಲ್ಯಾಂಕನ ಪರೀಕ್ಷೆ. ಖಾಸಗಿ ಶಾಲೆಗಳ ಸಂಘಟನೆಗಳು ಹೈಕೋರ್ಟಿಗೆ ಹೋದವು. 2023ರ ಮಾರ್ಚ್ 10ರಂದು ಏಕಸದಸ್ಯ ಪೀಠ ಸುತ್ತೋಲೆ ರದ್ದು ಮಾಡಿತು. 15ರಂದು ವಿಭಾಗೀಯ ಪೀಠ ಪರೀಕ್ಷೆಗೆ ಅನುಮತಿ ಕೊಟ್ಟಿತು. 27ರಂದು, ಪರೀಕ್ಷೆ ಶುರುವಾದ ದಿನವೇ, ಮಧ್ಯಪ್ರವೇಶಿಸಲು ಸುಪ್ರೀಂ ಕೋರ್ಟ್ ನಿರಾಕರಿಸಿತು.

ಮರುವರ್ಷ ಪಟ್ಟಿ ಬೆಳೆಯಿತು. ಐದು, ಎಂಟು, ಒಂಬತ್ತು, ಪ್ರಥಮ ಪಿಯು. 2024ರ ಮಾರ್ಚ್ 6ರಂದು ಏಕಸದಸ್ಯ ಪೀಠದಿಂದ ಪರೀಕ್ಷೆ ರದ್ದು, 7ರಂದು ಆ ಆದೇಶಕ್ಕೆ ವಿಭಾಗೀಯ ಪೀಠದಿಂದ ತಡೆ, 11ರಂದು ಪರೀಕ್ಷೆ ಆರಂಭ, 12ರಂದು ಸುಪ್ರೀಂ ಕೋರ್ಟಿನಿಂದ ಆ ತಡೆಯೇ ರದ್ದು. ಮಾರ್ಚ್ 22ರಂದು ವಿಭಾಗೀಯ ಪೀಠ ಮತ್ತೆ ಸರ್ಕಾರದ ಪರ. 25ರಿಂದ ಉಳಿದ ಪತ್ರಿಕೆಗಳು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಹಾಕಿತು. ಪೋಷಕರಿಗೂ ತಿಳಿಸುವಂತಿಲ್ಲ, ಯಾವ ಉದ್ದೇಶಕ್ಕೂ ಬಳಸುವಂತಿಲ್ಲ.

ವಾದ ನಡೆದದ್ದು ಬಹುಮಟ್ಟಿಗೆ ಕ್ರಮದ ಬಗ್ಗೆ. ಇಂತಹ ಪರೀಕ್ಷೆಯನ್ನು ಸುತ್ತೋಲೆ, ಅಧಿಸೂಚನೆಗಳಿಂದ ತರಬಹುದೇ? ಕರಡು ಪ್ರಕಟಿಸಿ, ಆಕ್ಷೇಪಣೆ ಕೇಳಿ, ವಿಧಾನಮಂಡಲದ ಮುಂದಿಟ್ಟು ನಿಯಮ ಮಾಡಬೇಕೇ? ಇದನ್ನು ತಾಂತ್ರಿಕ ತಕರಾರು ಎಂದು ತಳ್ಳಿಹಾಕಿದವರ ಮಾತನ್ನು ನಾನು ಒಪ್ಪುವುದಿಲ್ಲ. ಆಕ್ಷೇಪಣೆ ಕೇಳಿದ್ದರೆ ಈ ಪರೀಕ್ಷೆ ಯಾರನ್ನು ಅಳೆಯುತ್ತದೆ ಎಂಬ ಪ್ರಶ್ನೆಯನ್ನು ಯಾರಾದರೂ ಎತ್ತುತ್ತಿದ್ದರು. ನಾನಂತೂ ಬರೆಯುತ್ತಿದ್ದೆ.

ಪತ್ರಿಕೆ ಹೇಗೆ ತಯಾರಾಗುತ್ತದೆ ಎಂಬುದನ್ನೂ ಹೇಳಬೇಕು. ಮೊದಲು ನೀಲನಕ್ಷೆ: ಯಾವ ಅಧ್ಯಾಯಕ್ಕೆ ಎಷ್ಟು ಅಂಕ, ಜ್ಞಾನಕ್ಕೆ ಎಷ್ಟು, ತಿಳಿವಳಿಕೆಗೆ ಎಷ್ಟು, ಅನ್ವಯಕ್ಕೆ ಎಷ್ಟು, ಸುಲಭ ಎಷ್ಟು, ಕಠಿಣ ಎಷ್ಟು. ಅದರ ಮೇಲೆ ಪ್ರಶ್ನೆಗಳು, ಜೊತೆಗೆ ಮಾದರಿ ಉತ್ತರ. ಈ ಪರೀಕ್ಷೆಯಲ್ಲಿ ಪ್ರಶ್ನೆಯ ಕೆಳಗೇ ಉತ್ತರ ಬರೆಯುವ ಪುಸ್ತಿಕೆ ಕೊಟ್ಟರು. ಚಿಕ್ಕ ಮಕ್ಕಳಿಗೆ ಅದು ಒಳ್ಳೆಯದೇ. ಬರೆದ ಪುಸ್ತಿಕೆಗಳು ಬಂಡಲ್ ಆಗಿ ತಾಲ್ಲೂಕು ಕೇಂದ್ರಕ್ಕೆ ಹೋದವು, ಬೇರೆ ಶಾಲೆಯ ಶಿಕ್ಷಕರು ತಿದ್ದಿದರು, ಅಂಕಗಳು ಕಂಪ್ಯೂಟರಿಗೆ ಏರಿದವು.

ಅಲ್ಲಿಗೆ ಪುಸ್ತಿಕೆಯ ಆಯುಷ್ಯ ಮುಗಿಯಿತು. ನನಗೆ ನೋವಾಗುವುದು ಇದಕ್ಕೇ. 52ರಲ್ಲಿ 27 ಕಳೆದರೆ 35 ಎಂದು ಒಂದು ಮಗು ಬರೆಯುತ್ತದೆ ಎನ್ನಿ. ತಿದ್ದುವವರಿಗೆ ಅದು ಸೊನ್ನೆ. ಆ ಮಗುವಿನ ಮೇಷ್ಟರಿಗಾದರೆ ಅದು ಬಾಗಿಲು: ಮಗುವಿಗೆ ಎರಡರಲ್ಲಿ ಏಳು ಹೋಗುವುದಿಲ್ಲವೆಂದು ಗೊತ್ತಿದೆ, ಅದಕ್ಕೆ ಏಳರಲ್ಲಿ ಎರಡು ಕಳೆದಿದೆ. ಹತ್ತರ ಸ್ಥಾನದಿಂದ ದಶಕ ತರುವುದು ಅದಕ್ಕೆ ತಲುಪಿಲ್ಲ. ತರಗತಿಯ ಹತ್ತು ಮಕ್ಕಳು ಇದೇ 35 ಬರೆದಿದ್ದರೆ ತಪ್ಪು ಮಕ್ಕಳದಲ್ಲ, ಕಲಿಸಿದ ರೀತಿಯದು. ಕಡ್ಡಿ ಕಟ್ಟು ಬಿಚ್ಚಿ ತೋರಿಸಿದರೆ ಮೂರು ದಿನದ ಕೆಲಸ. 50ಕ್ಕೆ 31 ಎಂಬ ಅಂಕಿಯಲ್ಲಿ ಇದು ಯಾವುದೂ ಕಾಣುವುದಿಲ್ಲ.

ಅಂಕಿ ಮೇಲಕ್ಕೆ ಹೋದಷ್ಟೂ ಅದರ ಅರ್ಥ ಬದಲಾಗುತ್ತದೆ. 2023ರ ಎಸ್‌ಎಸ್‌ಎಲ್‌ಸಿಯಲ್ಲಿ ಮಂಡ್ಯ ಜಿಲ್ಲೆ ಶೇ 96.74 ಫಲಿತಾಂಶದೊಂದಿಗೆ ರಾಜ್ಯಕ್ಕೆ ಎರಡನೆಯದು. ನಾವೆಲ್ಲ ಹೆಮ್ಮೆಪಟ್ಟೆವು, ಸಿಹಿ ಹಂಚಿದೆವು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಒಟ್ಟು ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಒಂದು ವರ್ಷದಲ್ಲಿ ಮಕ್ಕಳು ದಡ್ಡರಾಗಲಿಲ್ಲ. ಜಿಲ್ಲೆಯ ಸ್ಥಾನಕ್ಕಾಗಿ ಓಡುವ ಅಧಿಕಾರಿ, ಅಧಿಕಾರಿಗೆ ಹೆದರುವ ಮುಖ್ಯಶಿಕ್ಷಕ, ಮುಖ್ಯಶಿಕ್ಷಕರಿಗೆ ಹೆದರುವ ಶಿಕ್ಷಕ ಎಂಬ ಸರಪಳಿ ಎಷ್ಟು ಬಿಗಿಯಾಗಿತ್ತು ಎಂಬುದು ಆ ಹತ್ತು ಅಂಶಗಳಲ್ಲಿ ಕಂಡಿತು. ಆ ಸರಪಳಿಯನ್ನು ಹತ್ತು ವರ್ಷದ ಮಗುವಿನವರೆಗೆ ಎಳೆಯಬಾರದು. ವ್ಯವಸ್ಥೆಯನ್ನು ಅಳೆಯಬೇಕಿದ್ದರೆ ನಾಲ್ಕು ಅಗುಳು ಹಿಸುಕಲಿ. ಎಲ್ಲ ಮಕ್ಕಳಿಗೂ ಪತ್ರಿಕೆ ಕೊಡುವುದಾದರೆ ಜೂನ್ ಮೊದಲ ವಾರಕ್ಕೆ ಪುಸ್ತಿಕೆಗಳು ಅದೇ ಶಾಲೆಗೆ, ಮುಂದಿನ ತರಗತಿಯ ಶಿಕ್ಷಕರ ಮೇಜಿಗೆ ಬರಲಿ.

2024ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ತನ್ನ ಶಾಲೆಗಳ ಮಟ್ಟಿಗೆ ಐದು ಮತ್ತು ಎಂಟರಲ್ಲಿ ಮಕ್ಕಳನ್ನು ಉಳಿಸಿಕೊಳ್ಳಬಹುದೆಂಬ ನಿಯಮ ತಂದಿತು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆಲೆಮನೆಯ ಒಲೆಯ ಮುಂದಿನ ನನ್ನ ಗೆಳೆಯ.

ಪಕ್ಕದ ಮನೆಯ ಹುಡುಗಿ ಮಾರ್ಚ್ ಕೊನೆಗೆ ಉಳಿದೆರಡು ಪತ್ರಿಕೆ ಬರೆದಳು, ಜೂನ್‌ನಲ್ಲಿ ಆರನೇ ತರಗತಿಗೆ ಹೋದಳು. ಪುಸ್ತಿಕೆ ಅವಳ ಶಾಲೆಗೆ ಬರಲಿಲ್ಲ. ಆ ಜುಲೈ ಕೊನೆಯಲ್ಲಿ ಕನ್ನಂಬಾಡಿ ಅಣೆಕಟ್ಟು (ಕೆಆರ್‌ಎಸ್) ತುಂಬಿತು, ಅದರ ಗರಿಷ್ಠ ಮಟ್ಟ 124.80 ಅಡಿ. ಊರಿಗೆ ಊರೇ ಅಣೆಕಟ್ಟಿನ ಮಾತು. ಜಗಲಿಯ ಮೇಲೆ ಅವಳನ್ನು ಕೇಳಿದೆ: ‘124.80 ದೊಡ್ಡದೋ, 124.9 ದೊಡ್ಡದೋ?’

ಅವಳು ತಡಮಾಡಲಿಲ್ಲ. ‘124.80 ಮಾವ. ಒಂಬತ್ತಕ್ಕಿಂತ ಎಂಬತ್ತು ದೊಡ್ಡದಲ್ಲವೇ? ಅದಕ್ಕೇ ತಾನೇ ಅಣೆಕಟ್ಟು ತುಂಬಿತು ಎನ್ನುವುದು?’

ಒಳಗೆ ಹೋಗಿ ಸೀಮೆಸುಣ್ಣ ತಂದೆ. ಜಗಲಿಯ ಕಲ್ಲಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, ಈ ತುದಿಗೆ 124, ಆ ತುದಿಗೆ 125 ಬರೆದು, ನಡುವೆ ಹತ್ತು ಸಮಭಾಗ ಮಾಡು ಎಂದು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟೆ.