ಗ್ರೀನ್ ಟೀ ಕುಡಿದರೂ ನಿದ್ದೆ ಯಾಕೆ ಬರುತ್ತಿಲ್ಲ?

ಪ್ರಶ್ನೆ: ರಾತ್ರಿ ನಿದ್ದೆ ಬರುವುದಿಲ್ಲ ಅಂತ ಸಂಜೆಯ ಚಹಾ ಬಿಟ್ಟು ಗ್ರೀನ್ ಟೀ ಹಿಡಿದಿದ್ದೇನೆ. ಅದರಲ್ಲಿ ಕೆಫೀನ್ ಇರುವುದಿಲ್ಲ ಅಲ್ವಾ? ಮತ್ತೆ ಯಾವ್ಯಾವುದರಲ್ಲಿ ಇರುತ್ತದೆ?
(ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಇರುತ್ತದೆ. ಗ್ರೀನ್ ಟೀ, ನಮ್ಮ ಕಡಕ್ ಚಹಾ ಎರಡೂ ಒಂದೇ ಗಿಡದ ಎಲೆ. ಎಲೆ ಕಿತ್ತ ಮೇಲೆ ಹದ ಮಾಡುವ ರೀತಿ ಮಾತ್ರ ಬೇರೆ. ಗ್ರೀನ್ ಟೀಯನ್ನು ಬಿಸಿನೀರಿನಲ್ಲಿ ಎರಡು ನಿಮಿಷ ಅದ್ದಿ ತೆಗೆಯುತ್ತೇವೆ, ಹಾಗಾಗಿ ಕೆಫೀನ್ ಸ್ವಲ್ಪ ಕಡಿಮೆ ಇಳಿಯುತ್ತದೆ. ಚಹಾಪುಡಿಯನ್ನೋ ಹಾಲು ಸಕ್ಕರೆ ಹಾಕಿ ಕುದಿಸಿ ಕುದಿಸಿ ಅದರ ಸತ್ವವನ್ನೆಲ್ಲ ಹಿಂಡಿ ತೆಗೆಯುತ್ತೇವೆ. ಹಾಲು ಹಾಕಿದರೆ ಕೆಫೀನ್ ಹೋಗುತ್ತದೆ ಅಂತ ನಂಬಿದವರೂ ಇದ್ದಾರೆ. ಎಲ್ಲೂ ಹೋಗುವುದಿಲ್ಲ.

ಅಷ್ಟಕ್ಕೂ ಗಿಡಕ್ಕೆ ಕೆಫೀನ್ ಯಾಕೆ ಬೇಕು? ಎಲೆ, ಬೀಜ ತಿನ್ನಲು ಬರುವ ಹುಳುಗಳನ್ನು ದೂರ ಇಡಲು. ಗಿಡವೇ ಮಾಡಿಕೊಂಡ ಕೀಟನಾಶಕ ಅದು. ತಮಾಷೆ ಅಂದರೆ, ಕಾಫಿ ಮತ್ತು ನಿಂಬೆ ಜಾತಿಯ ಕೆಲವು ಹೂಗಳ ಮಕರಂದದಲ್ಲೂ ತುಸು ಕೆಫೀನ್ ಇದೆ. ಅದನ್ನು ಹೀರಿದ ಜೇನುಹುಳಕ್ಕೆ ಆ ಹೂವಿನ ವಾಸನೆ ಹೆಚ್ಚು ಕಾಲ ನೆನಪಿರುತ್ತದೆ. ನಮಗೂ ನಾಲ್ಕು ಗಂಟೆ ಆಯಿತೆಂದರೆ ಚಹಾದಂಗಡಿ ನೆನಪಾಗುತ್ತದಲ್ಲ!

ಕಾಫಿ, ಚಹಾ ಬಿಟ್ಟರೆ ಕೋಕೋ ಬೀಜದಲ್ಲಿದೆ, ಅಂದರೆ ಚಾಕಲೇಟಿನಲ್ಲಿ. ಕಪ್ಪು ಚಾಕಲೇಟ್ 100 ಗ್ರಾಮಿಗೆ ಸುಮಾರು 80 ಮಿಲಿಗ್ರಾಂ, ಹಾಲಿನ ಚಾಕಲೇಟಿನಲ್ಲಿ ಅದರ ಕಾಲು ಭಾಗದಷ್ಟು. ಆಫ್ರಿಕಾದ ಕೋಲಾ ಬೀಜ, ದಕ್ಷಿಣ ಅಮೆರಿಕದ ಗ್ವಾರಾನಾ ಬೀಜ ಮತ್ತು ಮಾಟೆ ಎಲೆಯಲ್ಲೂ ಇದೆ. ಇವು ನಮ್ಮ ಸಂತೆಗೆ ಬರುವ ಸಾಮಾನಲ್ಲ, ಆದರೆ ಎನರ್ಜಿ ಡ್ರಿಂಕಿನ ಡಬ್ಬಿಯ ಮೇಲೆ ಗ್ವಾರಾನಾ ಅಂತ ಬರೆದಿದ್ದರೆ ಅದೂ ಕೆಫೀನೇ ಅಂತ ಲೆಕ್ಕ ಹಿಡಿಯಿರಿ.

ಎಲೆ ಅಡಿಕೆ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಅಡಿಕೆಯಲ್ಲಿ ಕೆಫೀನ್ ಇಲ್ಲ. ಅದರ ಅಮಲು ಅರೆಕೋಲಿನ್ ಅನ್ನುವ ಬೇರೆ ಪದಾರ್ಥದ್ದು. ಕೆಫೀನ್ ಇಲ್ಲ ಅಂತ ಒಳ್ಳೆಯದು ಅಂದುಕೊಳ್ಳಬೇಡಿ, ಅಡಿಕೆ ಬಾಯಿ ಕ್ಯಾನ್ಸರಿಗೆ ಕಾರಣವಾಗುತ್ತದೆ. ಕೊತ್ತಂಬರಿ ಬೀಜ, ಜೀರಿಗೆ, ಶುಂಠಿ ಹಾಕಿದ ಕಷಾಯದಲ್ಲಿ, ತುಳಸಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಕಾಫಿಪುಡಿಗೆ ಬೆರೆಸುವ ಚಿಕೋರಿಯಲ್ಲೂ ಇಲ್ಲ.

ಇನ್ನು ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯಂತೆ ದಿನಕ್ಕೆ 300 ಮಿಲಿಗ್ರಾಂ ದಾಟಬಾರದು. 150 ಮಿಲಿಲೀಟರ್ ಫಿಲ್ಟರ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಒಂದು ಸಲದ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ. ಒಂದು ಕಪ್ ನೋಡಿದರೆ ಚಹಾ ಪಾಪದ್ದೇ. ಆದರೆ ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ಕಪ್ಪಿಗೆ ನಿಲ್ಲಿಸಿದವರನ್ನು ನಾನಂತೂ ಕಂಡಿಲ್ಲ. ಎದ್ದ ಕೂಡಲೇ ಒಂದು, ಆಫೀಸಿನಲ್ಲಿ ಎರಡು, ಗಿರಮಿಟ್ ಮಿರ್ಚಿ ತಿಂದ ಮೇಲೆ ಒಂದು, ಮನೆಗೆ ಬೀಗರು ಬಂದರೆ ಮತ್ತೊಂದು. ‘ಅರ್ಧ ಚಾ ಅಷ್ಟೇ ಕುಡದೀನಿ’ ಅನ್ನುವ ಅರ್ಧಗಳನ್ನೂ ಕೂಡಿಸಬೇಕು.

ನಿಮ್ಮ ನಿದ್ದೆಯ ವಿಷಯಕ್ಕೆ ಬಂದರೆ, ಎಷ್ಟು ಕುಡಿದಿರಿ ಅನ್ನುವುದರ ಜೊತೆಗೆ ಎಷ್ಟು ಗಂಟೆಗೆ ಕುಡಿದಿರಿ ಅನ್ನುವುದನ್ನೂ ನೋಡಬೇಕು. ದಿನವಿಡೀ ದುಡಿದ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ರಾಸಾಯನಿಕ ಸೇರುತ್ತಾ ಹೋಗಿ ನಿದ್ದೆ ಕರೆಯುತ್ತದೆ. ಅದು ಕೂರಬೇಕಾದ ಜಾಗದಲ್ಲಿ ಕೆಫೀನ್ ಮೊದಲೇ ಹೋಗಿ ಕೂರುತ್ತದೆ. ಕುಡಿದದ್ದರಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಗ್ರೀನ್ ಟೀಯ ಅರ್ಧ ಕೆಫೀನ್ ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. ಗರ್ಭಿಣಿಯರಲ್ಲಿ ಇನ್ನೂ ನಿಧಾನ.

ಮಧ್ಯಾಹ್ನ ಎರಡರ ನಂತರ ಚಹಾ, ಗ್ರೀನ್ ಟೀ ಎರಡನ್ನೂ ಬಿಟ್ಟು ನೋಡಿ, ಸಂಜೆಗೆ ಕಷಾಯ ಇರಲಿ. ಒಮ್ಮೆಲೇ ಎಲ್ಲಾ ನಿಲ್ಲಿಸಬೇಡಿ, ಒಂದೆರಡು ದಿನದಲ್ಲಿ ತಲೆ ಸಿಡಿಯುತ್ತದೆ. ವಾರಕ್ಕೊಂದು ಕಪ್ ಕಡಿಮೆ ಮಾಡಿ. ಆಗಲೂ ತಲೆನೋವು ಬಂದು ಮಾತ್ರೆ ತರುವುದಾದರೆ ಹಾಳೆಯ ಹಿಂಬದಿ ಓದಿ. ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಸೇರಿಸಿರುತ್ತಾರೆ.